ಬಣ್ಣವಿಲ್ಲದ ಗ್ಲಾಸಿನಿಂದ ಶುರು ಮಾಡಿ: ರಮ್, ಟಕೀಲಾ ಸವಿಯುವ ಬಗೆ

ಹನ್ನೆರಡು ವರ್ಷ ಬಾರ್ ಕೌಂಟರಿನ ಹಿಂದೆ ನಿಂತು ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತಿದ್ದವು. ರಮ್ ಕಪ್ಪಗಿದ್ದಷ್ಟೂ ಹಳೇದು, ಹಳೇದಾದಷ್ಟೂ ಒಳ್ಳೇದು. ಟಕೀಲಾ ಅಂದ್ರೆ ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ಇಳಿಸಿ, ನಿಂಬೆ ಕಚ್ಚೋದು. ಶುರುವಿನಲ್ಲಿ ನಾನೂ ಇದನ್ನೇ ನಂಬಿದ್ದೆ. ಬಂದವರಿಗೂ ಇದನ್ನೇ ಹೇಳಿ ಕೊಡುತ್ತಿದ್ದೆ.

ಒಂದು ರಾತ್ರಿ ಬಾಗಿಲು ಹಾಕಿದ ಮೇಲೆ, ನನಗೆ ಕೆಲಸ ಕಲಿಸಿದ ಹಿರಿಯರು ಎರಡು ಗ್ಲಾಸ್ ತಂದು ಮುಂದಿಟ್ಟರು. ಎರಡೂ ನೀರಿನಷ್ಟೇ ತಿಳಿ. “ಕುಡೀಬೇಡ, ಸುಮ್ನೆ ಮೂಸು” ಅಂದರು. ಒಂದರಲ್ಲಿ ಸಿಪ್ಪೆ ಕಪ್ಪಾಗಿ, ಇನ್ನೊಂದು ದಿನ ಬಿಟ್ಟರೆ ಕೊಳೆತೇ ಹೋಗುವಂಥ ಬಾಳೆಹಣ್ಣಿನ ವಾಸನೆ. ಇನ್ನೊಂದರಲ್ಲಿ ಕೆಂಡದಲ್ಲಿ ಸುಟ್ಟ ಗೆಣಸು, ಅದರ ಹಿಂದೆಯೇ ಆಗಷ್ಟೇ ಕುಟ್ಟಿದ ಕಾಳುಮೆಣಸು. ಮೊದಲನೆಯದು ಜಮೈಕಾದ ರಮ್, ಎರಡನೆಯದು ಮೆಕ್ಸಿಕೋದ ಟಕೀಲಾ. ಎರಡೂ ಪೀಪಾಯಿಯ ಮುಖವನ್ನೇ ನೋಡಿರಲಿಲ್ಲ.

ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳೋದು ಇಷ್ಟೇ: ಬಣ್ಣವಿಲ್ಲದ್ದರಿಂದ ಶುರು ಮಾಡಿ. ಓಕ್ ಮರದ ಪೀಪಾಯಿ ಒಳ್ಳೆಯದೇ. ಆದರೆ ಅದು ವೆನಿಲ್ಲಾ, ಮರದ ಒಗರು, ಸುಟ್ಟ ಸಕ್ಕರೆಯ ರುಚಿ ಎಲ್ಲವನ್ನೂ ಮೇಲೆ ಹೊದಿಸುತ್ತದೆ. ಪೀಪಾಯಿ ಮುಟ್ಟದ ಗ್ಲಾಸಿನಲ್ಲಿ ಗಿಡ, ಹುದುಗು, ಬಟ್ಟಿ ಈ ಮೂರೇ ಇರುತ್ತವೆ. ಮುಚ್ಚಿಡಲು ಜಾಗವೇ ಇರುವುದಿಲ್ಲ.

ಒಂದು ಸಂಜೆಗೆ ನಾಲ್ಕು ಗ್ಲಾಸ್ ಸಾಕು. ಒಂದೊಂದಕ್ಕೆ 15 ಮಿಲಿ, ಅದಕ್ಕಿಂತ ಜಾಸ್ತಿ ಬೇಡ. ನಾಲ್ಕೂ ಸೇರಿದರೆ 60 ಮಿಲಿ. ಪಕ್ಕದಲ್ಲಿ ದೊಡ್ಡ ಲೋಟ ನೀರಿರಲಿ, ಹೊಟ್ಟೆಯಲ್ಲಿ ಊಟವಿರಲಿ, ಆಮೇಲೆ ಗಾಡಿ ಓಡಿಸುವ ಕೆಲಸ ಇಲ್ಲದಿರಲಿ. ಒಬ್ಬರೇ ಬಾಟ್ಲಿಗಳನ್ನು ಕೊಳ್ಳುವುದು ಭಾರ ಅನ್ನಿಸಿದರೆ ನಾಲ್ಕು ಜನ ಸ್ನೇಹಿತರು ತಲಾ ಒಂದು ತನ್ನಿ.

ಮೊದಲ ಗ್ಲಾಸಿಗೆ ಹಗುರವಾದ ಬಿಳಿ ರಮ್ ಹಾಕಿ. ಜಗತ್ತಿನ ಬಹುಪಾಲು ರಮ್ ಆಗುವುದು ಕಾಕಂಬಿಯಿಂದ. ಕಬ್ಬಿನ ಹಾಲು ಕಾಯಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು, ಅಂಟು ಪಾಕವೇ ಅದು. ಅದಕ್ಕೆ ನೀರು, ಯೀಸ್ಟ್ ಸೇರಿಸಿದರೆ ಒಂದೆರಡು ದಿನದಲ್ಲಿ ಹುಳಿ ಬರುತ್ತದೆ. ಆಮೇಲೆ ಕಾಲಂ ಸ್ಟಿಲ್‌ನಲ್ಲಿ ಬಟ್ಟಿ ಇಳಿಸುತ್ತಾರೆ. ಇದು ಎತ್ತರದ ಕಂಬದಂಥ ಬಟ್ಟಿ, ನಿಲ್ಲದೆ ಓಡುತ್ತದೆ. 1830ರಲ್ಲಿ ಐರ್ಲೆಂಡಿನ ಈನಿಯಸ್ ಕಾಫಿ ಇದರ ಒಂದು ಸುಧಾರಿತ ರೂಪಕ್ಕೆ ಪೇಟೆಂಟ್ ಪಡೆದ. ಹೊರಬರುವ ಮದ್ಯ ಶುದ್ಧ, ತೆಳು, ಸೌಮ್ಯ. ಒಂದು ಮಾತು ನೆನಪಿಡಿ. ಹೀಗೆ ಬರುವ ಬಿಳಿ ರಮ್‌ಗಳಲ್ಲಿ ಎಷ್ಟೋ ಒಂದೆರಡು ವರ್ಷ ಪೀಪಾಯಿಯಲ್ಲಿದ್ದು, ಆಮೇಲೆ ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದವು. ಹಾಗಾಗಿ ಈ ಗ್ಲಾಸ್ ಅಳತೆಗೋಲು ಅಷ್ಟೇ. ಮಿಕ್ಕವು ಎಷ್ಟು ದೂರ ಹೋಗುತ್ತವೆ ಅಂತ ಇದರ ಪಕ್ಕ ಇಟ್ಟಾಗ ಗೊತ್ತಾಗುತ್ತದೆ.

ಎರಡನೇ ಗ್ಲಾಸಿಗೆ ಜಮೈಕಾದ, ಪಾಟ್ ಸ್ಟಿಲ್‌ನಿಂದ ಬಂದ ರಮ್. ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ ಇದು. ಪಾಟ್ ಸ್ಟಿಲ್ ಅಂದ್ರೆ ಹೊಟ್ಟೆ ಉಬ್ಬಿದ ತಾಮ್ರದ ಹಂಡೆ. ಒಂದು ಸಲ ತುಂಬಿಸಿ, ಕಾಯಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಬೇಕು. ಬಟ್ಟಿ ಇಳಿದ ಮೇಲೆ ತಳದಲ್ಲಿ ಉಳಿಯುವ ಹುಳಿ ನೀರಿಗೆ ಅಲ್ಲಿ ಡಂಡರ್ ಅನ್ನುತ್ತಾರೆ. ಅದನ್ನು ಚೆಲ್ಲದೆ ಮುಂದಿನ ಹುದುಗಿಗೆ ಬೆರೆಸುತ್ತಾರೆ. ಹ್ಯಾಂಪ್ಡನ್ ಅನ್ನುವ ಅಲ್ಲಿನ ರಮ್ ಕಾರ್ಖಾನೆಯಂಥ ಕಡೆ ಹುದುಗು ಮರದ ತೊಟ್ಟಿಗಳಲ್ಲಿ ವಾರಗಟ್ಟಲೆ ಇರುತ್ತದೆ. ಗಾಳಿಯಲ್ಲಿರುವ ಯೀಸ್ಟ್, ಬ್ಯಾಕ್ಟೀರಿಯಾ ಎಲ್ಲವೂ ಅದರಲ್ಲಿ ಕೆಲಸ ಮಾಡುತ್ತವೆ. ಬ್ಯಾಕ್ಟೀರಿಯಾದಿಂದ ಆಮ್ಲ ಹುಟ್ಟುತ್ತದೆ, ಆ ಆಮ್ಲ ಆಲ್ಕೋಹಾಲ್ ಜೊತೆ ಸೇರಿ ಎಸ್ಟರ್ ಆಗುತ್ತದೆ. ಬಾಳೆಹಣ್ಣು, ಅನಾನಸ್ ವಾಸನೆ ಅಂತ ನಾವು ಹೇಳುವುದೇ ಆ ಎಸ್ಟರ್. ಹೊರಗಿಂದ ಯಾವ ಪರಿಮಳವನ್ನೂ ಹಾಕಿರುವುದಿಲ್ಲ. ಅಲ್ಲಿ ಎಸ್ಟರ್ ಲೆಕ್ಕದ ಮೇಲೆ ರಮ್‌ಗೆ ಗುರುತು ಹಾಕುತ್ತಾರೆ. ಅತಿ ಮೇಲಿನ ಗುರುತಿನದ್ದು ಎಷ್ಟು ಜೋರು ಅಂದ್ರೆ, ಹಾಗೇ ಕುಡಿಯುವುದಕ್ಕಿಂತ ಬೇರೆ ರಮ್‌ಗಳಿಗೆ ಚೂರು ಚೂರು ಬೆರೆಸಲು, ಮಿಠಾಯಿಗಳಿಗೆ ಪರಿಮಳ ಕೊಡಲು ಬಳಸುತ್ತಿದ್ದರು.

ಈ ಗ್ಲಾಸಿನಲ್ಲಿ ಒಂದು ಎಚ್ಚರ ಬೇಕು. ಜಮೈಕಾದ ಓವರ್‌ಪ್ರೂಫ್, ಅಂದ್ರೆ ಮಾಮೂಲಿಗಿಂತ ಕಡುವಾದ ಬಿಳಿ ರಮ್‌ನಲ್ಲಿ ಸಾಮಾನ್ಯವಾಗಿ 63 ಪ್ರತಿಶತ ಆಲ್ಕೋಹಾಲ್ ಇರುತ್ತದೆ. ಹಾಗೇ ಬಾಯಿಗಿಟ್ಟರೆ ಘಾಟು ಬಿಟ್ಟು ಬೇರೇನೂ ತಿಳಿಯುವುದಿಲ್ಲ. 15 ಮಿಲಿಗೆ 8–9 ಮಿಲಿ ನೀರು ಸೇರಿಸಿ, 40 ಪ್ರತಿಶತದ ಆಸುಪಾಸಿಗೆ ಬರುತ್ತದೆ. ನೀರು ಬಿದ್ದ ತಕ್ಷಣ ವಾಸನೆ ಎದ್ದು ಬರುತ್ತದೆ, ಗಮನಿಸಿ.

ಮೂರನೆಯದು ಸಿಕ್ಕರೆ ಕೆರಿಬಿಯನ್‌ನಲ್ಲಿರುವ ಫ್ರಾನ್ಸಿನ ದ್ವೀಪ ಮಾರ್ಟಿನೀಕ್‌ನ ರಮ್. ಇಲ್ಲಿ ಕಾಕಂಬಿ ಇಲ್ಲ, ಕಬ್ಬಿನ ಹಾಲಿನಿಂದಲೇ ನೇರವಾಗಿ ಮಾಡುತ್ತಾರೆ. ರಮ್ ಆಗ್ರಿಕೋಲ್ ಅಂತ ಹೆಸರು. 1996ರಿಂದ ಇದಕ್ಕೆ ಫ್ರಾನ್ಸಿನ ಎ.ಒ.ಸಿ., ಅಂದ್ರೆ ಹುಟ್ಟಿದ ಊರಿನ ಹೆಸರಿನ ಕಾನೂನು ರಕ್ಷಣೆ ಇದೆ. ಹಸಿ ಹುಲ್ಲು, ಕಬ್ಬಿನ ಸಿಪ್ಪೆ, ಆಲಿವ್ ಕಾಯಿಯ ಉಪ್ಪು ವಾಸನೆ ಬರುತ್ತದೆ. ಸಿಹಿ ನಿರೀಕ್ಷೆ ಮಾಡಿದವರಿಗೆ ಮೊದಲು ಮುಖ ಕಿವುಚುತ್ತದೆ. ಎರಡನೇ ಸಲ ಕುಡಿದು ನೋಡಿ.

ನಾಲ್ಕನೆಯದು ಟಕೀಲಾ ಬ್ಲಾಂಕೋ, ಅಂದ್ರೆ ಬಿಳಿ ಟಕೀಲಾ. ಇದನ್ನು ಸುರಿಯುವ ಮುಂಚೆ ಲೇಬಲ್ ಓದಿ. “100% ಅಗಾವೆ” ಅಂತ ಬರೆದಿರಲೇಬೇಕು. ಬರೀ ಟಕೀಲಾ ಅಂತಷ್ಟೇ ಇದ್ದರೆ, ಅದರ ಸಕ್ಕರೆಯಲ್ಲಿ 49 ಪ್ರತಿಶತದವರೆಗೆ ಕಬ್ಬು ಅಥವಾ ಮೆಕ್ಕೆಜೋಳದ್ದಿರಬಹುದು. ಇದಕ್ಕೆ ಮಿಕ್ಸ್ಟೋ ಅನ್ನುತ್ತಾರೆ. ಮೊದಲ ಸಲ ಟಕೀಲಾ ಕುಡಿದು ಗಂಟಲು ಸುಟ್ಟುಕೊಂಡೆ ಅನ್ನುವವರನ್ನು ಕೇಳಿದರೆ, ಮುಕ್ಕಾಲು ಜನ ಕುಡಿದದ್ದು ಇದನ್ನೇ ಆಗಿರುತ್ತದೆ.

ಅಗಾವೆ ಅಂದ್ರೆ ನಮ್ಮ ಮಾತಿನಲ್ಲಿ ಕತ್ತಾಳೆ. ಟಕೀಲಾಗೆ ಅದರ ನೀಲಿ ಜಾತಿಯೊಂದೇ ಆಗಬೇಕು. ಹಾಲಿಸ್ಕೋ ರಾಜ್ಯ, ಜೊತೆಗೆ ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗ, ಇಷ್ಟರಲ್ಲಿ ಬೆಳೆದು ಅಲ್ಲೇ ಮಾಡಿದ್ದಕ್ಕೆ ಮಾತ್ರ ಈ ಹೆಸರು. 1974ರಿಂದ ಇದು ಕಾನೂನು. ಗಿಡ ಬಲಿಯಲು ಆರೇಳು ವರ್ಷ ಬೇಕು. ಹಿಮಾದೋರ್ ಅನ್ನುವ ಕೆಲಸಗಾರರು ಕೋಆ ಎಂಬ ಉದ್ದ ಹಿಡಿಯ, ದುಂಡನೆ ಅಲಗಿನ ಹತ್ಯಾರದಿಂದ ಒಂದೊಂದೇ ಎಲೆ ಕಡಿಯುತ್ತಾರೆ. ಉಳಿಯುವ ನಡುವಿನ ಗಡ್ಡೆ ದೈತ್ಯ ಅನಾನಸ್ ಥರ ಕಾಣುತ್ತದೆ. ಅದಕ್ಕೇ ಅದರ ಹೆಸರು ಪೀನ್ಯಾ. 30–40 ಕಿಲೋ ತೂಗುವುದು ಮಾಮೂಲು. ಒಂದು ಲೀಟರ್ ಟಕೀಲಾಗೆ ಸುಮಾರು 7 ಕಿಲೋ ಗಡ್ಡೆ ಬೇಕು. ಆ ಗಿಡ ಕಡಿದ ಮೇಲೆ ಮತ್ತೆ ಚಿಗುರುವುದಿಲ್ಲ. ಕಬ್ಬಾದರೆ ಕೂಳೆ ಬರುತ್ತದೆ, ಇದು ಬರುವುದಿಲ್ಲ. ಏಳು ವರ್ಷದ ಗಿಡವನ್ನು ಒಂದೇ ಗುಟುಕಿಗೆ ನುಂಗುವುದನ್ನು ಕಂಡಾಗ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ರುಚಿ ಹುಟ್ಟುವುದು ಬೇಯಿಸುವಾಗ. ಹಸಿ ಗಡ್ಡೆಯಲ್ಲಿರುವುದು ಹಿಟ್ಟಿನಂಥ ಸಕ್ಕರೆ, ಯೀಸ್ಟ್ ಅದನ್ನು ಸುಲಭಕ್ಕೆ ತಿನ್ನಲಾರದು. ಬೆಂದಾಗ ಅದು ಒಡೆದು ಸಿಹಿಯಾಗುತ್ತದೆ, ಗಡ್ಡೆ ಕಂದು ಬಣ್ಣಕ್ಕೆ ತಿರುಗಿ ಜಿನುಗುತ್ತದೆ. ಹಳೇ ಪದ್ಧತಿಯಲ್ಲಿ ಇಟ್ಟಿಗೆ ಒಲೆಯಲ್ಲಿ ಒಂದೂವರೆ-ಎರಡು ದಿನ ಹಬೆಯಲ್ಲಿ ಬೇಯಿಸಿ, ಆರಲು ಬಿಡುತ್ತಾರೆ. ಆಟೋಕ್ಲೇವ್ ಅಂದ್ರೆ ದೊಡ್ಡ ಉಕ್ಕಿನ ಪ್ರೆಷರ್ ಕುಕ್ಕರ್, ಅದರಲ್ಲಿ ಅರ್ಧ ದಿನದೊಳಗೆ ಮುಗಿಯುತ್ತದೆ. ಮೂರನೆಯದು ಡಿಫ್ಯೂಸರ್. ಹಸಿ ಗಡ್ಡೆ ಸಿಗಿದು, ನೀರು ಹಾಯಿಸಿ ರಸ ಎಳೆದು, ಆಮೇಲೆ ರಸವನ್ನಷ್ಟೇ ಬೇಯಿಸುವುದು. ಇಳುವರಿ ಜಾಸ್ತಿ, ಸುಟ್ಟ ಗೆಣಸಿನ ಆ ಘಮ ಕಮ್ಮಿ. ನನ್ನ ಮೂಗಿಗೆ ಇಟ್ಟಿಗೆ ಒಲೆಯದ್ದೇ ಮೇಲು. ಬೆಂದದ್ದನ್ನು ಗಾಣದಲ್ಲಿ ಹಿಂಡುತ್ತಾರೆ. ಕೆಲವರು ಇನ್ನೂ ತಹೋನಾ ಅನ್ನುವ ಭಾರೀ ಕಲ್ಲುಚಕ್ರ ಉರುಳಿಸಿ ಅರೆಯುತ್ತಾರೆ. ಆಮೇಲೆ ಹುದುಗು, ಎರಡು ಸಲ ಬಟ್ಟಿ.

ಹಿಂದಿನ ಲೇಬಲ್ಲಿನಲ್ಲಿ ಎನ್.ಒ.ಎಂ. ಅಂತ ಬರೆದು ನಾಲ್ಕು ಅಂಕಿ ಇರುತ್ತದೆ. ಅದು ಮಾಡಿದ ಕಾರ್ಖಾನೆಯ ಗುರುತು. ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬೆಲೆಯ ಹಲವು ಬಾಟ್ಲಿಗಳ ಮೇಲೆ ಒಂದೇ ಸಂಖ್ಯೆ ಇರುವುದುಂಟು. ಇಷ್ಟವಾದ ಟಕೀಲಾದ ಸಂಖ್ಯೆ ಬರೆದಿಟ್ಟುಕೊಳ್ಳಿ. ನನ್ನ ಜೇಬಿನ ಪುಸ್ತಕದಲ್ಲಿ ಬ್ರಾಂಡ್ ಹೆಸರಿಗಿಂತ ಈ ಸಂಖ್ಯೆಗಳೇ ಜಾಸ್ತಿ.

ಇನ್ನು ಕುಡಿಯುವ ಕ್ರಮ. ಫ್ರೀಜರ್‌ನಲ್ಲಿಟ್ಟಿದ್ದರೆ ಹೊರಗೆ ತೆಗೆಯಿರಿ, ತಣ್ಣಗಿದ್ದರೆ ವಾಸನೆ ಮುದುಡಿಕೊಳ್ಳುತ್ತದೆ. ಬಾಯಿ ಕಿರಿದಾದ ವೈನ್ ಗ್ಲಾಸ್ ಆದರೂ ಸರಿ, ಶಾಟ್ ಗ್ಲಾಸ್ ಬೇಡ. ಸುರಿದು ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಚೂರು ತೆರೆದು, ನಿಧಾನಕ್ಕೆ ಮೇಲೆ ತನ್ನಿ. ಮೂಗನ್ನು ಒಳಕ್ಕೆ ಅದ್ದಿ ಜೋರಾಗಿ ಎಳೆದರೆ ಬರೀ ಘಾಟು ಬಡಿಯುತ್ತದೆ, ಐದು ನಿಮಿಷ ಮೂಗು ಕೆಲಸ ಮಾಡುವುದಿಲ್ಲ. ಮೊದಲ ಗುಟುಕು ಹನಿಯಷ್ಟಿರಲಿ, ಅದು ಬಾಯಿಯನ್ನು ಹದ ಮಾಡುವುದಕ್ಕೆ. ರುಚಿ ತೀರ್ಮಾನ ಎರಡನೆಯದರಲ್ಲಿ. ನಾಲಗೆಯ ಮೇಲೆ ಉರುಳಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಆಗ ಬರುವುದೇ ನಿಜವಾದ ರುಚಿ. ಅದು ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡಿ.

ಟಕೀಲಾಗೆ ಇನ್ನೊಂದು ಪರೀಕ್ಷೆ ಇದೆ. ಎರಡು ಹನಿ ಅಂಗೈಗೆ ಹಾಕಿ ಚೆನ್ನಾಗಿ ಉಜ್ಜಿ, ಮದ್ಯ ಆರಿದ ಮೇಲೆ ಮೂಸಿ. ಬೆಂದ ಕತ್ತಾಳೆಯ ವಾಸನೆ ಉಳಿದಿರಬೇಕು. ಕೇಕಿನ ವೆನಿಲ್ಲಾ ಘಮ ಉಳಿದರೆ, ಅದರಲ್ಲೂ ಬ್ಲಾಂಕೋದಲ್ಲಿ, ನನಗೆ ಅನುಮಾನ ಬರುತ್ತದೆ. ಗ್ಲಿಸರಿನ್, ಸಕ್ಕರೆ ಪಾಕ, ಓಕ್ ಸಾರ, ಕ್ಯಾರಮೆಲ್ ಇವನ್ನು ತೂಕದಲ್ಲಿ 1 ಪ್ರತಿಶತದವರೆಗೆ ಸೇರಿಸಲು ಟಕೀಲಾದ ನಿಯಮದಲ್ಲಿ ಅವಕಾಶವಿದೆ.

ಉಪ್ಪು-ನಿಂಬೆ ಬೇಡವೇ ಅಂತ ಕೇಳುತ್ತಾರೆ. ಉಪ್ಪು ಕಹಿಯನ್ನು ಮರೆಸುತ್ತದೆ, ನಿಂಬೆ ಉರಿಯನ್ನು ಮರೆಸುತ್ತದೆ. ಮರೆಸಬೇಕಾದ ಟಕೀಲಾಗೆ ಅವು ಬೇಕು. ಒಳ್ಳೇದಕ್ಕೆ ಜೊತೆ ಬೇಕಾದರೆ ಹಾಲಿಸ್ಕೋದವರ ಸಂಗ್ರಿತಾ ಮಾಡಿಕೊಳ್ಳಿ. ಕಿತ್ತಳೆ ರಸ, ನಿಂಬೆ, ಮೆಣಸಿನಕಾಯಿ ಖಾರ ಸೇರಿಸಿದ ಪಾನಕ ಅದು. ಟಕೀಲಾ ಒಂದು ಗುಟುಕು, ಇದು ಒಂದು ಗುಟುಕು. ಹಾಗೇ ಬಾಟ್ಲಿಯೊಳಗೆ ಹುಳ ಇರುತ್ತದೆ ಅನ್ನುವ ಮಾತೂ ತಪ್ಪು. ಅದು ಕತ್ತಾಳೆಯಿಂದಲೇ ಆಗುವ ಇನ್ನೊಂದು ಮದ್ಯ ಮೆಸ್ಕಾಲ್‌ನ ಕೆಲವು ಬಾಟ್ಲಿಗಳಲ್ಲಿ ಹಾಕುವುದು, ಟಕೀಲಾದಲ್ಲಿ ಅಲ್ಲ.

ಬಣ್ಣವಿಲ್ಲದ್ದು ನಾಲಗೆಗೆ ಪರಿಚಯವಾದ ಮೇಲೆ ಪೀಪಾಯಿಯದ್ದಕ್ಕೆ ಬನ್ನಿ. ಟಕೀಲಾದಲ್ಲಿ ಲೆಕ್ಕ ಸಲೀಸು: ರೆಪೊಸಾಡೊ ಕನಿಷ್ಠ 2 ತಿಂಗಳು, ಅನ್ಯೆಹೊ ಕನಿಷ್ಠ 1 ವರ್ಷ, ಎಕ್ಸ್ಟ್ರಾ ಅನ್ಯೆಹೊ ಕನಿಷ್ಠ 3 ವರ್ಷ. ಕ್ರಿಸ್ಟಲೀನೋ ಅಂದ್ರೆ ಹೀಗೆ ಇಟ್ಟದ್ದನ್ನು ಸೋಸಿ ಬಣ್ಣ ತೆಗೆದದ್ದು, ಬ್ಲಾಂಕೋ ಅಂದುಕೊಂಡು ತರಬೇಡಿ. ನನ್ನ ಆಯ್ಕೆ ರೆಪೊಸಾಡೊ. ಜಾಸ್ತಿ ದಿನ ಇಟ್ಟರೆ ಮರ ಗೆದ್ದು ಕತ್ತಾಳೆ ಸೋಲುತ್ತದೆ.

ರಮ್ ಮರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಲೇಬಲ್ ಓದುವುದು ಇಲ್ಲಿ ಕಷ್ಟ. ಜಮೈಕಾದ ಬಾಟ್ಲಿಯ ಮೇಲೆ 12 ಅಂತಿದ್ದರೆ ಅದರಲ್ಲಿರುವ ಅತಿ ಚಿಕ್ಕ ರಮ್‌ಗೂ 12 ವರ್ಷ ಆಗಿರುತ್ತದೆ. ಬೇರೆ ಕೆಲವು ಕಡೆ ದೊಡ್ಡ ಅಂಕಿ ಬರೀ ಹೆಸರು, ಅಥವಾ ಮಿಶ್ರಣದ ಅತಿ ಹಳೇ ಹನಿಯ ವಯಸ್ಸು. ಕಪ್ಪು ಬಣ್ಣಕ್ಕಂತೂ ಕ್ಯಾರಮೆಲ್ ಸಾಕು. ಯುರೋಪಿಯನ್ ಒಕ್ಕೂಟ 2021ರಿಂದ ಲೀಟರಿಗೆ 20 ಗ್ರಾಂಗಿಂತ ಜಾಸ್ತಿ ಸಿಹಿ ಸೇರಿಸಿದ್ದನ್ನು ರಮ್ ಅಂತ ಮಾರಲು ಬಿಡುವುದಿಲ್ಲ. ತುಟಿ ಅಂಟಂಟಾಗಿ, ಸಿಹಿ ನಾಲಗೆ ಬಿಡದಿದ್ದರೆ ಅದು ಪೀಪಾಯಿಯ ಕೆಲಸವಲ್ಲ. ಕೆರಿಬಿಯನ್ ಸೆಕೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 6 ಪ್ರತಿಶತ ಆವಿಯಾಗುತ್ತದೆ. ಹತ್ತು ವರ್ಷಕ್ಕೆ ಹೆಚ್ಚೂಕಮ್ಮಿ ಅರ್ಧ ಖಾಲಿ. ಅಲ್ಲಿ ಇಟ್ಟ ನಿಜವಾದ 12 ವರ್ಷದ ರಮ್ ಯಾಕೆ ಅಪರೂಪ ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ? ಗಯಾನಾದ ಡೆಮೆರಾರಾ ರಮ್ ಸಿಕ್ಕರೆ ಬಿಡಬೇಡಿ. ಗ್ರೀನ್‌ಹಾರ್ಟ್ ಮರದಿಂದ ಮಾಡಿದ ಹಳೇ ಸ್ಟಿಲ್‌ಗಳು ಅಲ್ಲಿ ಇಂದೂ ನಡೆಯುತ್ತಿವೆ.

ರಮ್ಮನ್ನು ಒರಟರ ಕುಡಿತ ಅಂತ ನೋಡುವುದು ಹಳೇ ಕತೆ. ಬ್ರಿಟಿಷ್ ನೌಕಾಪಡೆ 1970ರ ಜುಲೈ 31ರವರೆಗೂ ನಾವಿಕರಿಗೆ ದಿನಾ ರಮ್ ಅಳೆದು ಕೊಡುತ್ತಿತ್ತು. ಅದಕ್ಕೂ ಹಿಂದೆ, ಕೆರಿಬಿಯನ್ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕಾದ ಜನರ ಬೆವರಿನಿಂದಲೇ ಈ ಮದ್ಯ ಹುಟ್ಟಿದ್ದು. ಹೊಸಬರಿಗೆ ರಮ್ ಸುರಿಯುವಾಗ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಬೆರೆಸಿ ಕುಡಿಯುವುದರಲ್ಲಿ ತಪ್ಪೇನಿಲ್ಲ. ಬಿಳಿ ರಮ್ 60 ಮಿಲಿ, ಆಗ ಹಿಂಡಿದ ನಿಂಬೆ ರಸ 25 ಮಿಲಿ, ಸಕ್ಕರೆ ಪಾಕ 20 ಮಿಲಿ, ತುಂಬ ಐಸ್. ಕೈ ಮರಗಟ್ಟುವವರೆಗೆ, ಅಂದ್ರೆ ಹದಿನೈದು ಸೆಕೆಂಡ್ ಕುಲುಕಿ ಸೋಸಿ. ಕ್ಯೂಬಾದ ಡೈಕಿರಿ ಇದು. ರಮ್‌ನಲ್ಲಿ ಅರ್ಧ ಜಮೈಕಾದ್ದು ಹಾಕಿ ನೋಡಿ, ಬೇರೆಯೇ ಪಾನೀಯ ಆಗುತ್ತದೆ. ಬ್ಲಾಂಕೋಗೆ ಗ್ರೇಪ್‌ಫ್ರೂಟ್ ಸೋಡಾ, ನಿಂಬೆ, ಚಿಟಿಕೆ ಉಪ್ಪು ಸಾಕು.

ನಾಲ್ಕು ಗ್ಲಾಸ್ ಮುಗಿದ ಮೇಲೆ ತೊಳೆಯಬೇಡಿ. ಹಾಗೇ ಬಿಟ್ಟು ಮಲಗಿ. ಬೆಳಿಗ್ಗೆ ಎದ್ದು ಒಣಗಿದ ಗ್ಲಾಸುಗಳನ್ನು ಒಂದೊಂದಾಗಿ ಮೂಸಿ. ಹಗುರ ರಮ್‌ನದ್ದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಜಮೈಕಾದ್ದರಲ್ಲಿ ಬಾಳೆಹಣ್ಣು ಇನ್ನೂ ಕೂತಿರುತ್ತದೆ. ಟಕೀಲಾ ಚೆನ್ನಾಗಿದ್ದರೆ, ಆರಿದ ಒಲೆಯ ಹತ್ತಿರ ನಿಂತಂಥ ಬೆಚ್ಚನೆಯ ಸಿಹಿ ವಾಸನೆ. ಆ ಗ್ಲಾಸನ್ನು ನಾನು ಎಲ್ಲಕ್ಕಿಂತ ಕೊನೆಗೆ ತೊಳೆಯುತ್ತೇನೆ.