200 ಬ್ರ್ಯಾಂಚ್‌ನಿಂದ 11ಕ್ಕೆ: ಕಮಾಂಡ್ ಲೈನ್‌ನಲ್ಲೇ ಗಿಟ್ ಗುಡಿಸಿದ ನನ್ನ ಅನುಭವ

ಒಂದೂವರೆ ವರ್ಷದ ಹಿಂದೆ ನಮ್ಮ ರೆಪೊದಲ್ಲಿ (ಗಿಟ್ ಅನ್ನೋ ಸಾಧನ ನಮ್ಮ ಕೋಡ್ ಮತ್ತು ಅದರ ಇತಿಹಾಸವನ್ನು ಇಟ್ಟುಕೊಳ್ಳುವ ಜಾಗ) ರಿಮೋಟ್ ಬ್ರ್ಯಾಂಚ್‌ಗಳೇ, ಅಂದರೆ ಸರ್ವರ್‌ನಲ್ಲಿರುವ ಕೋಡ್‌ನ ಕವಲುಗಳೇ, ಹತ್ತಿರ ಹತ್ತಿರ 200 ಇದ್ದವು. ಕೆಲಸ ಮಾಡುವವರು ಏಳು ಜನ. ‘ಸೋಮವಾರ’ ಅಂತ ಒಂದು ಬ್ರ್ಯಾಂಚ್ ಇತ್ತು. ಯಾವ ವರ್ಷದ ಸೋಮವಾರ ಅಂತ ಯಾರಿಗೂ ಗೊತ್ತಿರಲಿಲ್ಲ. ಅಳಿಸೋಣ ಅಂದರೆ ಎಲ್ಲರಿಗೂ ಭಯ. "ಇರಲಿ ಬಿಡಿ ಸಾರ್, ಮೂಲೆಯಲ್ಲಿ ಬಿದ್ದಿರುತ್ತೆ. ಅದೇನು ಬಾಡಿಗೆ ಕೇಳುತ್ತಾ?" ಅಂದರು ಒಬ್ಬರು. ಬಾಡಿಗೆ ಕೇಳುತ್ತಿತ್ತು. ಅದು ಗೊತ್ತಾಗಿದ್ದು ಆಮೇಲೆ, ಆ ಕಥೆ ಮುಂದೆ ಬರುತ್ತೆ.

ಮೊದಲು ನನ್ನ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ನಾವು ಗಿಟ್‌ಫ್ಲೋ ಅನ್ನೋ ಬ್ರ್ಯಾಂಚ್ ಪದ್ಧತಿ ಹಿಡಿದುಕೊಂಡಿದ್ದೆವು. ಡೆವಲಪ್, ರಿಲೀಸ್, ಹಾಟ್‌ಫಿಕ್ಸ್, ಪೂರ್ತಿ ಸಂಸಾರ. ಅದನ್ನು 2010ರಲ್ಲಿ ಬರೆದ ವಿನ್ಸೆಂಟ್ ಡ್ರೀಸೆನ್ ಅವರೇ 2020ರಲ್ಲಿ ಮೇಲೊಂದು ಟಿಪ್ಪಣಿ ಸೇರಿಸಿದ್ದರು. ನಿರಂತರವಾಗಿ ಡೆಲಿವರಿ ಮಾಡುವ ವೆಬ್ ಆ್ಯಪ್‌ಗಳಿಗೆ ಇನ್ನೂ ಸರಳವಾದ ದಾರಿ ಸಾಕು ಅಂತ. ನಾವು ಆ ಟಿಪ್ಪಣಿ ಓದಲೇ ಇಲ್ಲ. ನನ್ನದೊಂದು ಫೀಚರ್ ಬ್ರ್ಯಾಂಚ್ ಸುಮಾರು ಮೂರು ತಿಂಗಳು ಮೇನ್ (ಎಲ್ಲರ ಕೋಡ್ ಕೊನೆಗೆ ಸೇರುವ ಮುಖ್ಯ ಬ್ರ್ಯಾಂಚ್) ಕಡೆ ತಲೆ ಹಾಕದೆ ಬದುಕಿತ್ತು. ಕೊನೆಗೆ ರೀಬೇಸ್ ಮಾಡಲು (ನನ್ನ ಬದಲಾವಣೆಗಳನ್ನು ಈಗಿನ ಮೇನ್ ಮೇಲೆ ಮತ್ತೆ ಕೂರಿಸಲು) ಕೂತರೆ 60ರ ಆಸುಪಾಸು ಫೈಲ್‌ಗಳಲ್ಲಿ ಕಾನ್‌ಫ್ಲಿಕ್ಟ್, ಅಂದರೆ ಒಂದೇ ಜಾಗ ಎರಡೂ ಕಡೆ ಬೇರೆ ಬೇರೆ ಬದಲಾಗಿತ್ತು. ರಾತ್ರಿ ಎರಡು ಗಂಟೆ. ಬಿಲ್ಲಿಂಗ್ ಫೈಲ್ ಬಂತು, ಯಾವ ಕಡೆಯದನ್ನು ಉಳಿಸಬೇಕು ಅಂತ ಹೇಳಬೇಕು. ‘ಅವರ್ಸ್’ (ours) ಅಂದರೆ ನಮ್ಮದು ತಾನೇ ಅಂತ ‘ಗಿಟ್ ಚೆಕ್‌ಔಟ್ --ಅವರ್ಸ್’ ಕೊಟ್ಟು ಮುಂದೆ ಹೋದೆ.

ಗೊತ್ತಿರುವವರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ಮರ್ಜ್‌ನಲ್ಲಿ (ಎರಡು ಬ್ರ್ಯಾಂಚ್ ಸೇರಿಸುವಾಗ) ಅವರ್ಸ್ ಅಂದರೆ ನಮ್ಮದು ಸರಿ. ರೀಬೇಸ್‌ನಲ್ಲಿ ಉಲ್ಟಾ. ಅಲ್ಲಿ ಗಿಟ್ ಮೊದಲು ಮೇನ್ ಮೇಲೆ ಹೋಗಿ ನಿಂತು, ನಮ್ಮ ಕಮಿಟ್‌ಗಳನ್ನು (ದಾಖಲಿಸಿಟ್ಟ ಬದಲಾವಣೆಗಳನ್ನು) ಒಂದೊಂದಾಗಿ ತಂದು ಅಂಟಿಸುತ್ತೆ. ಹಾಗಾಗಿ ಅವರ್ಸ್ ಅಂದರೆ ಮೇನ್, ದೇರ್ಸ್ (theirs) ಅಂದರೆ ನಾನು. ಆ ಫೈಲ್‌ನಲ್ಲಿ ನನ್ನ ಬದಲಾವಣೆ ಅಲ್ಲೇ ಸತ್ತಿತು, ಪಕ್ಕದ ಫೈಲ್‌ನಲ್ಲಿ ಉಳಿಯಿತು. ರಿಯಾಯಿತಿ ಹಳೇ ಕೋಡ್‌ನಲ್ಲಿ ಒಂದು ಸಲ, ಹೊಸ ಕೋಡ್‌ನಲ್ಲಿ ಇನ್ನೊಂದು ಸಲ ಕಳೆಯಿತು. ಎರಡು ದಿನ ಹಾಗೇ ಬಿಲ್ ಹೋಗಿವೆ. ಕ್ಲೈಂಟ್ ಆ ತಿಂಗಳ ನಮ್ಮ ಪೇಮೆಂಟ್‌ನಲ್ಲಿ ಕಾಲು ಭಾಗದಷ್ಟು ಹಿಡಿದುಕೊಂಡರು. ಬೈಯಲೂ ಇಲ್ಲ, ಸುಮ್ನೆ ಕಡಿಮೆ ಹಾಕಿದರು. ಅದೇ ಜಾಸ್ತಿ ನೋವಾಯಿತು.

ಅಲ್ಲಿಂದ ನಾನು ಒಂದು ಹಠ ಹಿಡಿದೆ. ನನ್ನ ಯಾವ ಬ್ರ್ಯಾಂಚೂ ಮೂರು ದಿನಕ್ಕಿಂತ ಜಾಸ್ತಿ ಬದುಕಬಾರದು. ಬದುಕಲೇಬೇಕಾದರೆ ದಿನಾ ಬೆಳಿಗ್ಗೆ ಮೇನ್ ಮೇಲೆ ರೀಬೇಸ್ ಆಗಬೇಕು. ಎಲ್ಲವೂ ಕಮಾಂಡ್ ಲೈನ್‌ನಲ್ಲಿ. "ಬಟನ್ ಒತ್ತಿದರೆ ಆಗೋದಕ್ಕೆ ಇಷ್ಟು ಟೈಪ್ ಮಾಡಬೇಕಾ?" ಅಂತ ನಮ್ಮ ಲೀಡ್ ನಕ್ಕರು. ಎರಡು ವಾರ ನೋಡೋಣ, ಆಮೇಲೆ ನೀವೇ ಬಿಡ್ತೀರಿ ಅಂತಲೂ ಅಂದರು.

ದಿನಾ ರೀಬೇಸ್ ಅಂದರೆ ಒಂದೇ ಕಾನ್‌ಫ್ಲಿಕ್ಟ್ ದಿನಾ ಬರುತ್ತೆ, ಅದು ಎಲ್ಲರ ತಕರಾರು. ಅದಕ್ಕೆ ಮದ್ದು ‘ರೆರೆರೆ’. ಹೆಸರು ಕೇಳಿದರೆ ನಗು ಬರುತ್ತೆ ಅಲ್ವಾ. ಕಾನ್ಫಿಗ್‌ನಲ್ಲಿ ‘ರೆರೆರೆ.ಎನೇಬಲ್ಡ್’ ಟ್ರೂ ಮಾಡಿದರೆ, ಒಂದು ಸಲ ನಾವು ಬಿಡಿಸಿದ ಗಂಟನ್ನು ಅದು ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಬಿಡಿಸುತ್ತೆ. ಮೊದಲ ವಾರ ಸ್ವರ್ಗ. ಎರಡನೇ ವಾರ ನಾನು ಅವಸರದಲ್ಲಿ ಒಂದು ಗಂಟನ್ನು ತಪ್ಪಾಗಿ ಬಿಡಿಸಿದೆ. ಅದು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ದಿನಾ ಮಾಡುತ್ತಾ ಬಂತು. ನಾಲ್ಕನೇ ದಿನ ಟೆಸ್ಟ್ ಕೆಂಪಾದಾಗಲೇ ಗೊತ್ತಾಗಿದ್ದು. ‘ಗಿಟ್ ರೆರೆರೆ ಫರ್ಗೆಟ್’ ಕೊಟ್ಟು ಆ ಫೈಲ್‌ನ ಪಾತ್ ಹಾಕಿದರೆ ಮರೆಯುತ್ತೆ. ಅದಕ್ಕೇ ಈಗ ರೆರೆರೆ ಬಿಡಿಸಿದ್ದನ್ನು ತಾನಾಗಿ ಸ್ಟೇಜ್ ಮಾಡಲು (ಮುಂದಿನ ಕಮಿಟ್‌ಗೆ ಸೇರಿಸಲು) ಬಿಡುವುದಿಲ್ಲ, ಒಂದು ಸಲ ಡಿಫ್ (ಏನು ಬದಲಾಗಿದೆ ಅನ್ನೋದು) ನೋಡಿಯೇ ಆ್ಯಡ್ ಮಾಡುತ್ತೇನೆ. ಆ ನೆನಪಿನ ಫೋಲ್ಡರನ್ನು ಇಡೀ ಟೀಮಿಗೆ ಹಂಚಿದರೆ ಹೇಗೆ ಅಂತ ಒಂದು ವಾರ ಒದ್ದಾಡಿದೆ. ಯಾರ ತಪ್ಪು ಯಾರ ಮನೆಗೆ ಹೋಯಿತು ಅಂತ ಹುಡುಕುವುದೇ ಕೆಲಸವಾಯಿತು. ಬಿಟ್ಟೆ.

ರೀಬೇಸ್ ಆದಮೇಲೆ ಫೋರ್ಸ್ ಪುಶ್ (ರಿಮೋಟ್‌ನಲ್ಲಿರುವ ಹಳೆಯದರ ಮೇಲೆ ನಮ್ಮದನ್ನು ಬಲವಂತವಾಗಿ ಬರೆಯುವುದು) ಬೇಕೇ ಬೇಕು. ಬರೀ ಫೋರ್ಸ್ ಕೊಟ್ಟು ಸಹೋದ್ಯೋಗಿಯ ಎರಡು ಕಮಿಟ್ ನುಂಗಿದ್ದೇನೆ, ಅದು ಬೇರೆ. ಬೇರೆಯವರ ಹೊಸ ಕಮಿಟ್ ಇದ್ದರೆ ತಡೆಯುವ ‘--ಫೋರ್ಸ್-ವಿತ್-ಲೀಸ್’ ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಎಡಿಟರ್ ಹಿಂದೆ ಕೂತು ಐದು ನಿಮಿಷಕ್ಕೊಮ್ಮೆ ಫೆಚ್ ಮಾಡುತ್ತಿದ್ದರೆ (ರಿಮೋಟ್‌ನಲ್ಲಿ ಹೊಸದೇನಿದೆ ಅಂತ ತರುತ್ತಿದ್ದರೆ) ಆ ಲೀಸ್‌ಗೆ ಅರ್ಥವೇ ಇಲ್ಲ. ಯಾಕೆಂದರೆ ಅದು ಹೋಲಿಸಿ ನೋಡುವುದು ನಿಮ್ಮಲ್ಲಿರುವ ರಿಮೋಟ್ ಬ್ರ್ಯಾಂಚ್ ಗುರುತನ್ನು. ಫೆಚ್ ಅದನ್ನು ಸುಮ್ಮನೆ ಮುಂದಕ್ಕೆ ತಳ್ಳಿಬಿಟ್ಟಿರುತ್ತೆ, ನೀವು ನೋಡಿಯೇ ಇರಲ್ಲ. ಗಿಟ್ 2.30ರಲ್ಲಿ ಬಂದ ‘--ಫೋರ್ಸ್-ಇಫ್-ಇನ್‌ಕ್ಲೂಡ್ಸ್’ ಜೊತೆಗೆ ಸೇರಿಸಿ. ಎಡಿಟರ್‌ನ ಆಟೋ ಫೆಚ್ ಕೂಡ ಆಫ್ ಮಾಡಿದೆ ನಾನು.

ಈಗ ಗುಡಿಸುವ ಕೆಲಸಕ್ಕೆ ಬರೋಣ. ಈಗಾಗಲೇ ಸೇರಿಹೋದ ಬ್ರ್ಯಾಂಚ್‌ಗಳನ್ನು ತೋರಿಸುವ ‘ಗಿಟ್ ಬ್ರ್ಯಾಂಚ್ --ಮರ್ಜ್ಡ್’ ಕೊಟ್ಟು, ಬಂದದ್ದನ್ನೆಲ್ಲ ಲೂಪ್‌ನಲ್ಲಿ ಅಳಿಸಿದರಾಯಿತು ಅಂದುಕೊಂಡಿದ್ದೆ. ಮೊದಲ ಸಲ ಶೆಲ್ ಲೂಪ್ ಬರೆದಾಗ ಪರದೆ ಮೇಲೆ ಫೋಲ್ಡರ್‌ನ ಫೈಲ್ ಹೆಸರುಗಳೆಲ್ಲ ಬಂದು, ಈ ಹೆಸರಿನ ಬ್ರ್ಯಾಂಚ್ ಇಲ್ಲ ಅಂತ ಸಾಲು ಸಾಲು ಎರರ್. ನೋಡಿದರೆ, ಈಗ ನಿಂತಿರುವ ಬ್ರ್ಯಾಂಚ್ ಮುಂದೆ ಗಿಟ್ ಹಾಕುವ ನಕ್ಷತ್ರ ಗುರುತನ್ನು ಶೆಲ್ ‘ಇಲ್ಲಿರುವ ಎಲ್ಲ ಫೈಲ್’ ಅಂತ ಬಿಡಿಸಿಕೊಂಡಿತ್ತು! ಮನುಷ್ಯರು ಓದಲಿ ಅಂತ ಇರುವ ಔಟ್‌ಪುಟ್ ಅದು. ಲೂಪ್‌ಗೆ ‘ಗಿಟ್ ಫಾರ್-ಈಚ್-ರೆಫ್’ ಬಳಸಿ, ‘--ಫಾರ್ಮ್ಯಾಟ್’ನಲ್ಲಿ ಹೆಸರು ಮಾತ್ರ ಕೇಳಿದರೆ ಹೆಸರು ಮಾತ್ರ ಬರುತ್ತೆ.

ಎರಡನೇ ತೊಂದರೆ ಸ್ಕ್ವಾಶ್. ನಾವು ಸ್ಕ್ವಾಶ್ ಮರ್ಜ್ ಮಾಡುವವರು. ಹತ್ತು ಕಮಿಟ್ ಸೇರಿ ಮೇನ್‌ನಲ್ಲಿ ಒಂದೇ ಹೊಸ ಕಮಿಟ್ ಆಗುತ್ತೆ, ಹ್ಯಾಶ್ (ಕಮಿಟ್‌ನ ಗುರುತಿನ ಕೋಡ್) ಬೇರೆ. ಗಿಟ್‌ಗೆ ಇದು ಅದೇ ಅಂತ ಗೊತ್ತಾಗಲ್ಲ. ಹಾಗಾಗಿ ಮರ್ಜ್ಡ್ ಪಟ್ಟಿಯಲ್ಲಿ ಅರ್ಧಕ್ಕರ್ಧ ಬರುವುದೇ ಇಲ್ಲ. ನಾನು ಮಾಡುವುದು ಹೀಗೆ. ಮೊದಲು ‘ಗಿಟ್ ಫೆಚ್ --ಪ್ರೂನ್’. ಆಮೇಲೆ ‘ಗಿಟ್ ಬ್ರ್ಯಾಂಚ್’ ಜೊತೆ ಎರಡು ವಿ (-vv). ರಿಮೋಟ್‌ನಲ್ಲಿ ಅಳಿದು ಹೋದವುಗಳ ಮುಂದೆ ‘ಗಾನ್’ ಅಂತ ಬರುತ್ತೆ. ಮರ್ಜ್ ಆದ ತಕ್ಷಣ ರಿಮೋಟ್ ಬ್ರ್ಯಾಂಚ್ ತಾನಾಗಿ ಅಳಿಯುವಂತೆ ಸೆಟ್ ಮಾಡಿದ್ದರೆ, ಈ ಗಾನ್ ಪಟ್ಟಿಯೇ ನಿಮ್ಮ ಕಸದ ಪಟ್ಟಿ. ಆದರೂ ದೊಡ್ಡ ಡಿ (-D, ಸೇರಿದೆಯಾ ಅಂತ ನೋಡದೆ ಬ್ರ್ಯಾಂಚ್ ಅಳಿಸುವುದು) ಕೊಡುವ ಮೊದಲು, ಅದರ ಒಟ್ಟು ಬದಲಾವಣೆ ನಿಜಕ್ಕೂ ಮೇನ್‌ಗೆ ಹೋಗಿದೆಯಾ ಅಂತ ನೋಡುವ ಮೂರು ಸಾಲಿನ ಸ್ಕ್ರಿಪ್ಟ್ ಒಂದು ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಕೊಡಲ್ಲ. ‘ಕಮಿಟ್-ಟ್ರೀ’ ಮತ್ತು ‘ಚೆರ್ರಿ’ ಎರಡನ್ನೂ ಜೊತೆಗಿಟ್ಟು ಒಂದು ಸಂಜೆ ಯೋಚಿಸಿ, ಹೊಳೆಯುತ್ತೆ.

ಸಣ್ಣ ಡಿ (-d, ಸೇರಿದೆಯಾ ಅಂತ ನೋಡಿ ಅಳಿಸುವುದು) ಸೇಫ್, ದೊಡ್ಡ ಡಿ ಅಪಾಯ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಬ್ರ್ಯಾಂಚ್‌ಗೆ ಅಪ್‌ಸ್ಟ್ರೀಮ್ (ರಿಮೋಟ್‌ನಲ್ಲಿರುವ ಅದರ ಜೋಡಿ) ಇದ್ದರೆ ಸಣ್ಣ ಡಿ ನೋಡುವುದು ಆ ಅಪ್‌ಸ್ಟ್ರೀಮನ್ನು, ಮೇನನ್ನಲ್ಲ. ನೀವು ಪುಶ್ ಮಾಡಿದ್ದರೆ ಸಾಕು. ಮೇನ್‌ಗೆ ಸೇರದಿದ್ದರೂ ಒಂದು ಎಚ್ಚರಿಕೆ ಸಾಲು ಬರೆದು ಅಳಿಸಿಯೇ ಬಿಡುತ್ತೆ.

ದೊಡ್ಡ ಡಿ ಕಥೆಯೂ ಆಯಿತು. ಒಂದು ಶುಕ್ರವಾರ ಉತ್ಸಾಹದಲ್ಲಿ ಲೋಕಲ್‌ನ 40 ಬ್ರ್ಯಾಂಚನ್ನು ಒಂದೇ ಏಟಿಗೆ ತೆಗೆದೆ. ಅದರಲ್ಲೊಂದರಲ್ಲಿ ಪುಶ್ ಮಾಡದ ಮೂರು ದಿನದ ಕೆಲಸ. ಅಳಿಸುವಾಗ ಗಿಟ್ ಪಕ್ಕದಲ್ಲೇ ಹ್ಯಾಶ್ ತೋರಿಸುತ್ತೆ, ನಾನು ಟರ್ಮಿನಲ್ ಮುಚ್ಚಿಬಿಟ್ಟಿದ್ದೆ. ಬ್ರ್ಯಾಂಚ್ ಜೊತೆ ಅದರ ಸ್ವಂತ ರೆಫ್‌ಲಾಗೂ (ಯಾವಾಗ ಯಾವ ಕಮಿಟ್ ಮೇಲಿತ್ತು ಅನ್ನೋ ದಿನಚರಿ) ಹೋಗುತ್ತೆ. ಆದರೆ ಹೆಡ್‌ನ (ನಾವು ಈಗ ನಿಂತಿರುವ ಜಾಗದ) ರೆಫ್‌ಲಾಗ್ ಹಾಗೇ ಇರುತ್ತೆ. ‘ಗಿಟ್ ರೆಫ್‌ಲಾಗ್’ ಕೊಟ್ಟು ಕೆಳಗೆ ಇಳಿಯುತ್ತಾ ಹೋದೆ. ಆ ಬ್ರ್ಯಾಂಚ್‌ನಿಂದ ಮೇನ್‌ಗೆ ಹೋದ ಸಾಲು ಸಿಕ್ಕಿತು, ಅದರ ಕೆಳಗಿನ ಸಾಲಿನಲ್ಲೇ ನನ್ನ ಕೊನೆಯ ಕಮಿಟ್. ‘ಗಿಟ್ ಬ್ರ್ಯಾಂಚ್’, ಹೆಸರು, ಆ ಹ್ಯಾಶ್. ಮುಗಿಯಿತು. ಹತ್ತು ನಿಮಿಷ. ಯಾವ ಬ್ರ್ಯಾಂಚ್‌ಗೂ ಸೇರದ ಕಮಿಟ್‌ನ ಗುರುತು ಅಲ್ಲಿ ಮಾಮೂಲಿಯಾಗಿ 30 ದಿನ ಇರುತ್ತೆ. ಅಳಿಸಲು ಹೆದರುವವರಿಗೆ ನಾನು ಮೊದಲು ತೋರಿಸುವುದೇ ಇದನ್ನು.

ಹೆಸರಿನ ವಿಷಯದಲ್ಲೂ ಒಂದು ದಿನ ತಲೆ ಕೆಟ್ಟಿತ್ತು. ‘ಲಾಗಿನ್/ಒಟಿಪಿ’ ಅಂತ ಬ್ರ್ಯಾಂಚ್ ಮಾಡಲು ಹೋದರೆ ಆಗುತ್ತಲೇ ಇಲ್ಲ. ಕಾರಣ, ಬರೀ ‘ಲಾಗಿನ್’ ಅಂತ ಹಳೇ ಬ್ರ್ಯಾಂಚ್ ಒಂದಿತ್ತು. ಹೊಸ ಬ್ರ್ಯಾಂಚ್ ಅಂದರೆ ಗಿಟ್ ಫೋಲ್ಡರ್‌ನ ಒಳಗೆ 41 ಬೈಟಿನ ಒಂದು ಚಿಕ್ಕ ಫೈಲ್. 40 ಅಕ್ಷರದ ಹ್ಯಾಶ್, ಒಂದು ಹೊಸ ಸಾಲು, ಅಷ್ಟೇ. ‘ಲಾಗಿನ್’ ಅನ್ನೋದು ಫೈಲ್ ಆಗಿದ್ದ ಮೇಲೆ ಅದೇ ಹೆಸರಿನ ಫೋಲ್ಡರ್ ಎಲ್ಲಿಂದ ಬರಬೇಕು? ಅಂದಿನಿಂದ ಹೆಸರು ಯಾವಾಗಲೂ ಇನಿಷಿಯಲ್, ಸ್ಲ್ಯಾಶ್, ಟಿಕೆಟ್ ನಂಬರ್, ಎರಡು ಪದ. ಎಲ್ಲ ಸಣ್ಣ ಅಕ್ಷರದಲ್ಲಿ.

ನಡುವೆ ವರ್ಕ್‌ಟ್ರೀ ಹುಚ್ಚೂ ಹಿಡಿದಿತ್ತು. ಅರ್ಧ ಕೆಲಸವನ್ನು ಸ್ಟ್ಯಾಶ್ ಮಾಡಿ (ಪಕ್ಕಕ್ಕೆ ಎತ್ತಿಟ್ಟು) ತಪ್ಪಿ ಬೇರೆ ಬ್ರ್ಯಾಂಚ್ ಮೇಲೆ ಪಾಪ್ ಮಾಡಿ (ವಾಪಸ್ ತೆಗೆದು) ಸಾಕಾಗಿತ್ತು ನನಗೆ. ‘ಗಿಟ್ ವರ್ಕ್‌ಟ್ರೀ ಆ್ಯಡ್’ ಅಂದರೆ ಪಕ್ಕದಲ್ಲಿ ಇನ್ನೊಂದು ಫೋಲ್ಡರ್, ಇನ್ನೊಂದು ಬ್ರ್ಯಾಂಚ್, ರೆಪೊ ಒಂದೇ. ಚೆನ್ನಾಗಿದೆ ಅಂತ ಐದಾರು ಮಾಡಿದೆ. ಪ್ರತಿಯೊಂದರಲ್ಲೂ ಡಿಪೆಂಡೆನ್ಸಿಗಳನ್ನು ಬೇರೆ ಬೇರೆ ಇನ್‌ಸ್ಟಾಲ್ ಮಾಡಬೇಕು ಅನ್ನೋದನ್ನು ಡಿಸ್ಕ್ ತುಂಬಿದ ಮೇಲೆ ಕಲಿತೆ. ಸಿಟ್ಟಿನಲ್ಲಿ ಫೋಲ್ಡರ್‌ಗಳನ್ನು ನೇರ ಡಿಲೀಟ್ ಮಾಡಿದರೆ, ಆ ಬ್ರ್ಯಾಂಚ್‌ಗಳು ಇನ್ನೂ ಬಳಕೆಯಲ್ಲಿವೆ ಅಂತ ಗಿಟ್ ಹಠ. ‘ಗಿಟ್ ವರ್ಕ್‌ಟ್ರೀ ಪ್ರೂನ್’ ಕೊಟ್ಟಮೇಲೆ ಸುಮ್ಮನಾಯಿತು. ಈಗ ಎರಡೇ. ಒಂದು ಕೆಲಸಕ್ಕೆ, ಇನ್ನೊಂದು ಬೇರೆಯವರ ಕೋಡ್ ರಿವ್ಯೂಗೆ.

ಬಾಡಿಗೆ ವಿಷಯ. ನಮ್ಮ ಸಿಐ (ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ದಿನಾ ರಾತ್ರಿ ಎಲ್ಲ ರಿಮೋಟ್ ಬ್ರ್ಯಾಂಚ್‌ಗಳ ಮೇಲೂ ಟೆಸ್ಟ್ ಓಡಿಸುತ್ತಿತ್ತು. ಯಾರೋ ಯಾವಾಗಲೋ ಹಾಗೆ ಸೆಟ್ ಮಾಡಿ ಹೋಗಿದ್ದರು. ಅಂದರೆ ‘ಸೋಮವಾರ’ ಬ್ರ್ಯಾಂಚ್ ವಾರದ ಏಳೂ ದಿನ ಟೆಸ್ಟ್ ಆಗುತ್ತಿತ್ತು. ನಿಮಿಷಕ್ಕೆ ಇಷ್ಟು ಅಂತ ಬಿಲ್. ಮೊದಲ ದೊಡ್ಡ ಗುಡಿಸುವಿಕೆ ಆದ ಮುಂದಿನ ತಿಂಗಳು ಬಿಲ್ ಮೂರನೇ ಒಂದು ಭಾಗಕ್ಕೆ ಇಳಿಯಿತು. ನೆನಪಿನಿಂದ ಹೇಳುತ್ತಿದ್ದೇನೆ, ಆಚೀಚೆ ಇರಬಹುದು. ಮ್ಯಾನೇಜರ್ ಬಂದು ಏನು ಮಾಡಿದ್ರಿ ಅಂತ ಕೇಳಿದ್ದು ಅವತ್ತೇ. ಒಂದು ವರ್ಷ ನಾನು ಹೇಳಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ, ಬಿಲ್ ಒಂದೇ ದಿನದಲ್ಲಿ ಕೇಳಿಸಿತು. ಕಳೆದ ಮೂರು ರಿಲೀಸ್‌ಗಳಲ್ಲಿ ಮರ್ಜ್ ಅರ್ಧ ಗಂಟೆ ದಾಟಿಲ್ಲ. ಮೊದಲೆಲ್ಲ ಇಬ್ಬರಿಗೆ ಎರಡು ದಿನ ಬೇಕಿತ್ತು.

ನಕ್ಕಿದ್ದ ಲೀಡ್ ಈಗ ಒಂದರ ಮೇಲೊಂದು ಮೂರು ಬ್ರ್ಯಾಂಚ್ ಕಟ್ಟಿ, ಗಿಟ್ 2.38ರಲ್ಲಿ ಬಂದ ‘--ಅಪ್‌ಡೇಟ್-ರೆಫ್ಸ್’ ಹಾಕಿ ಮೂರನ್ನೂ ಒಂದೇ ಸಲಕ್ಕೆ ರೀಬೇಸ್ ಮಾಡುತ್ತಾರೆ. ನನಗೇ ಅದನ್ನು ತೋರಿಸಿಕೊಟ್ಟವರು ಅವರು. ನಮ್ಮ ಇನ್ನೊಂದು ರೆಪೊದಲ್ಲಿ ಸಬ್‌ಮಾಡ್ಯೂಲ್ (ರೆಪೊ ಒಳಗಿನ ರೆಪೊ) ಇವೆ. ಅಲ್ಲಿ ವರ್ಕ್‌ಟ್ರೀ ಸರಿಯಾಗಿ ಕೂರುತ್ತಿಲ್ಲ, ಹಾಗಾಗಿ ಆ ರೆಪೊದಲ್ಲಿ ನಾನು ಇವತ್ತಿಗೂ ಸ್ಟ್ಯಾಶ್ ಮಾಡಿಕೊಂಡು, ಪಾಪ್ ಮಾಡುವ ಮೊದಲು ಬ್ರ್ಯಾಂಚ್ ಹೆಸರನ್ನು ಎರಡು ಸಲ ಓದುತ್ತಿದ್ದೇನೆ.