ರಾಗಿ ಹುರಿಹಿಟ್ಟು ಒಂದ್ಸಲ ಮಾಡಿಟ್ಕೊಂಡ್ರೆ ಮಕ್ಳ ಸಂಜೆ ತಿಂಡಿಗೆ ಪರದಾಟ ಇಲ್ಲ

ಸಂಜೆ ನಾಲ್ಕೂವರೆ ಆಯ್ತು ಅಂದ್ರೆ ನಮ್ಮನೇಲಿ ಒಂದೇ ರಾಗ, ಅಮ್ಮಾ ಏನಾದ್ರೂ ಕೊಡು. ಮಗಳಿಗೆ ಮೂರೂವರೆ ವರ್ಷ, ಮಲ್ಗಿ ಎದ್ದ ತಕ್ಷಣ ಹಸಿವು, ನಾನು ಒಲೆ ಹಚ್ಚೋಷ್ಟರಲ್ಲಿ ಬಿಸ್ಕೆಟ್ ಡಬ್ಬ ಹುಡ್ಕಿ ಅರ್ಧ ಪ್ಯಾಕ್ ಮುಗ್ಸಿರ್ತಾಳೆ, ಆಮೇಲೆ ರಾತ್ರಿ ಊಟ ಬೇಡ. ಊರಿಗೆ ಹೋದಾಗ ಅತ್ತೆ ಹತ್ರ ಗೋಳು ಹೇಳ್ಕೊಂಡೆ, ಹುರಿಹಿಟ್ಟು ಮಾಡಿಟ್ಕೊಳ್ಳಮ್ಮ, ಎರಡು ನಿಮಿಷದ ಕೆಲ್ಸ ಅಂದ್ರು. ಎರಡು ನಿಮಿಷ ಕಲ್ಸೋಕಷ್ಟೇ, ಹಿಟ್ಟಿಗೆ ಒಂದಿಡೀ ದಿನ ಬೇಕು ಅನ್ನೋದನ್ನ ಮಾತ್ರ ಹೇಳ್ಲಿಲ್ಲ. ಆದ್ರೂ ಒಂದು ಕೆಜಿ ಮಾಡಿದ್ರೆ ತಿಂಗಳು ಆರಾಮಾಗಿ ಬರತ್ತೆ.

ಮೊದ್ಲು ರಾಗೀನ ನಾಲ್ಕೈದು ನೀರಲ್ಲಿ ತೊಳೀರಿ, ಕಲ್ಲು ಮರಳು ತಳದಲ್ಲಿ ಉಳಿಯೋ ಹಾಗೆ ಜಾಲಿಸ್ಬೇಕು, ಇಲ್ಲಾಂದ್ರೆ ಹಲ್ಲಿಗೆ ಕರಕರ ಅನ್ನತ್ತೆ. ನೀರು ಸೋಸಿ ರಾತ್ರಿ ಬಟ್ಟೇಲಿ ಕಟ್ಟಿಡಿ. ಬೆಳಿಗ್ಗೆ ನೆರಳಲ್ಲಿ ಹರಡಿ, ಬಿಸಿಲಿಗೆ ಬೇಡ. ಎಲ್ಲಾ ಇರೋದು ಇಲ್ಲೇ. ಮುಷ್ಟೀಲಿ ಹಿಡಿದು ಬಿಟ್ರೆ ಕಾಳು ಕೈಗೆ ಅಂಟಬಾರ್ದು, ಆದ್ರೆ ಮುಟ್ಟಿದ್ರೆ ತಣ್ಣಗೆ ಅನ್ನಿಸ್ಬೇಕು. ಒಳಗಿರೋ ಆ ಪಸೇನೇ ಆವಿಯಾಗಿ ಕಾಳನ್ನ ಅರಳಿಸೋದು. ನಾನು ಮೊದಲ್ನೇ ಸಲ ಟೆರೇಸ್ ಮೇಲೆ ಗರಿಗರಿಯಾಗಿ ಒಣಗಿಸ್ಬಿಟ್ಟೆ, ಒಂದು ಕಾಳೂ ಅರಳ್ಲಿಲ್ಲ, ಸೀದು ಹೋಯ್ತು. ಹುರಿಯೋಕೆ ಮುಂಚೆ ಜಾಸ್ತಿ ಒಣಗಿದೆ ಅನ್ನಿಸಿದ್ರೆ ಸ್ವಲ್ಪ ನೀರು ಚಿಮುಕಿಸಿ ಇನ್ನೊಂದಷ್ಟು ಹೊತ್ತು ಮುಚ್ಚಿಡಿ, ಸರಿ ಹೋಗತ್ತೆ.

ಹುರಿಯೋಕೆ ದಪ್ಪ ತಳದ ಕಬ್ಬಿಣದ ಬಾಣಲೆ ಬೇಕು, ನಾನ್‌ಸ್ಟಿಕ್ ಬೇಡವೇ ಬೇಡ, ಅಷ್ಟು ಕಾವು ಅದಕ್ಕೆ ಆಗಲ್ಲ. ಬಾಣಲೆ ಚೆನ್ನಾಗಿ ಕಾದ್ಮೇಲೆ ಒಂದೇ ಒಂದು ಹಿಡಿ ರಾಗಿ ಹಾಕಿ ಬಿಡದೆ ಕೈಯಾಡ್ಸಿ, ಪಟಪಟ ಅಂತ ಬಿಳಿ ಹೂವಿನ ಥರ ಅರಳತ್ತೆ, ಒಂದಷ್ಟು ಮುಖಕ್ಕೂ ಹಾರತ್ತೆ, ಮಕ್ಳನ್ನ ಅಡುಗೆಮನೆಯಿಂದ ಆಚೆ ಕಳ್ಸಿ. ಶಬ್ದ ಕಮ್ಮಿ ಆದ ತಕ್ಷಣ ತೆಗೀರಿ. ಎಲ್ಲಾ ಕಾಳೂ ಅರಳಲ್ಲ, ಘಮ ಬಂದಿದ್ರೆ ಸಾಕು. ಪೂರ್ತಿ ಆರಿದ್ಮೇಲೆ ಒಂದು ಹಿಡಿ ಹುರಿಗಡಲೆ, ನಾಲ್ಕೈದು ಏಲಕ್ಕಿ ಸೇರ್ಸಿ ಮಿಲ್ಲಿಗೆ ಕೊಡಿ. ಕೊಡೋಕೆ ಮುಂಚೆ ಹಿಂದೆ ಏನ್ ಬೀಸಿದ್ರು ಅಂತ ಕೇಳಿ, ನಾನು ಕೇಳ್ದೆ ಕೊಟ್ಟು ಒಂದ್ಸಲ ಖಾರದಪುಡಿ ಘಾಟಿನ ಹುರಿಹಿಟ್ಟು ತಂದಿದ್ದೀನಿ.

ಉಂಡೆಗೆ ಒಂದು ಕಪ್ ಹಿಟ್ಟು, ಕಾಲು ಕಪ್ ಬೆಲ್ಲದ ಪುಡಿ, ಎರಡು ಚಮಚ ಕಾಯಿತುರಿ, ಎರಡು ಚಮಚ ಬಿಸಿ ತುಪ್ಪ. ಕಲಸ್ತಾ ಬೆಚ್ಚಗಿನ ಹಾಲು ಚಿಮುಕಿಸಿ, ಹಿಡಿದ್ರೆ ನಿಲ್ಲೋ ಹದಕ್ಕೆ ಬಂದ್ರೆ ಸಾಕು, ಸುರಿಯೋಕೆ ಹೋಗ್ಬೇಡಿ, ಹಿಟ್ಟು ಹಾಲನ್ನ ನಿಧಾನಕ್ಕೆ ಎಳ್ಕೊಳತ್ತೆ. ಹಸಿಕಾಯಿತುರಿ, ಹಾಲು ಹಾಕಿದ ಉಂಡೆ ಅವತ್ತೇ ಮುಗೀಬೇಕು. ನಾಲ್ಕು ದಿನ ಇಡ್ಬೇಕಂದ್ರೆ ಒಣಕೊಬ್ಬರಿ ಹಾಕಿ ಬರೀ ತುಪ್ಪದಲ್ಲೇ ಕಟ್ಟಿ.

100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರತ್ತೆ, ಪಾಲಿಶ್ ಮಾಡಿದ ಅಕ್ಕೀಲಿ 10ರ ಆಸುಪಾಸು. ಆದ್ರೆ ಬೆಲ್ಲ ಹಾಕಿದ್ದೀನಿ ಹೆಲ್ದಿ ಅಂತ ಸುಮ್ನೆ ಸುರೀಬೇಡಿ, ಬೆಲ್ಲಾನೂ ಸಕ್ಕರೆ ಜಾತೀನೇ, ಹಲ್ಲಿಗೆ ಎರಡೂ ಒಂದೇ. ಎರಡು ವರ್ಷದೊಳಗಿನ ಮಕ್ಳಿಗೆ ಬೆಲ್ಲ ಬಿಟ್ಟು ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಕಿವುಚಿ ಅದ್ರಲ್ಲಿ ಹಿಟ್ಟು ಕಲ್ಸಿ, ಸಿಹಿ ಅದ್ರಲ್ಲೇ ಇದೆ. ಒಂದು ವರ್ಷ ತುಂಬೋವರ್ಗೂ ಜೇನುತುಪ್ಪ ಯಾರು ಹೇಳಿದ್ರೂ ಹಾಕ್ಬೇಡಿ. ಕಡ್ಲೆಕಾಯಿಬೀಜ, ಗೋಡಂಬಿ, ಬಾದಾಮಿ ಸೇರಿಸ್ತೀರಾ ಅಂದ್ರೆ ನುಣ್ಣಗೆ ಪುಡಿ ಮಾಡೇ ಸೇರ್ಸಿ, ಐದು ವರ್ಷದೊಳಗಿನ ಮಕ್ಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ. ಮೊದಲ್ನೇ ಸಲ ಕೊಡೋದಾದ್ರೆ ಚೂರೇ ಚೂರು ಕೊಟ್ಟು ನೋಡಿ, ಅಲರ್ಜಿ ಇರ್ಬಹುದು. ಇನ್ನೊಂದು, ಒಣಹಿಟ್ಟನ್ನ ಹಾಗೇ ಚಮಚದಲ್ಲಿ ಬಾಯಿಗೆ ಹಾಕ್ಬೇಡಿ, ನಗ್ತಾ ತಿಂದ್ರೆ ನೆತ್ತಿಗೆ ಹತ್ತಿ ಕೆಮ್ಮಿ ಒದ್ದಾಡ್ತಾರೆ. ಕೂರಿಸಿ ತಿನ್ಸಿ.

ಸಿಹಿ ಬೇಡ ಅನ್ನೋ ಮಕ್ಳಿಗೆ ಮಜ್ಜಿಗೇಲಿ ಎರಡು ಚಮಚ ಹಿಟ್ಟು ಕದಡಿ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಲೋಟದಲ್ಲಿ ಕೊಡಿ, ಬೇಸಿಗೇಲಿ ನನಗೂ ಅದೇ ಬೇಕು. ನನ್ನ ಮಗಳು ಉಂಡೆ ಬೇಡ ಅಂದ ದಿನ ಕಲಸಿದ ಬಟ್ಟಲನ್ನೇ ಅವಳ ಮುಂದೆ ಇಡ್ತೀನಿ, ನೀನೇ ಕಟ್ಟು ಅಂತ. ಅರ್ಧ ನೆಲಕ್ಕೆ ಹೋಗತ್ತೆ, ಅರ್ಧ ಹೊಟ್ಟೆಗೆ, ನೆಲ ಒರೆಸೋ ಕೆಲ್ಸ ಅವಳಪ್ಪಂದು.