ಎರಡು ಒಲೆ, ಹನ್ನೆರಡು ಎಲೆ: ಯುಗಾದಿ ಅಡುಗೆಗೆ ನಾಲ್ಕು ಮಾತು

ಮುಂಬೈ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಬರ್ನರ್. ಹಬ್ಬದ ದಿನ ಒಂದರ ಮೇಲೆ ಹೋಳಿಗೆ ಹೆಂಚು ಬೆಳಗಿನಿಂದ ಕೂತೇ ಇರುತ್ತದೆ. ಮಿಕ್ಕಿದ್ದೆಲ್ಲ ಇನ್ನೊಂದರಲ್ಲೇ ಆಗಬೇಕು. ಊರಿಂದ ಹನ್ನೆರಡು ಮಂದಿ ಬರುತ್ತಾರೆಂದರೆ ಹೂರಣ, ಕಟ್ಟಿನ ಸಾರು ಎರಡನ್ನೂ ಹಿಂದಿನ ಸಂಜೆಯೇ ಮುಗಿಸಿಬಿಡಿ. ಸಾರು ಮರುದಿನಕ್ಕೇ ರುಚಿ.

ಅರ್ಧ ಕಿಲೋ ಕಡಲೆಬೇಳೆಗೆ 25ರಿಂದ 28 ಹೋಳಿಗೆ ಆಗುತ್ತವೆ. ತೊಗರಿಬೇಳೆಯ ಒಬ್ಬಟ್ಟೇ ನಮ್ಮದು ಎನ್ನುವ ಮೈಸೂರು ಕಡೆಯವರು ಅದನ್ನೇ ಹಾಕಲಿ, ಆದರೆ ಅದು ಬೇಗ ಬೇಯುತ್ತದೆ, ಕಣ್ಣಿಟ್ಟಿರಬೇಕು. ಬೆಲ್ಲ 450 ಗ್ರಾಂ. ಇಲ್ಲಿನ ಅಂಗಡಿಯಲ್ಲಿ ಬರೀ ‘ಗೂಳ್’ ಅಂದರೆ ಒಮ್ಮೊಮ್ಮೆ ಚಿಕ್ಕಿಯ ಬೆಲ್ಲ ಕೊಟ್ಟುಬಿಡುತ್ತಾರೆ. ಅದು ಅಂಟುಪಾಕದ ಬೆಲ್ಲ. ಹೂರಣ ಆರಿದ ಮೇಲೆ ಗಟ್ಟಿಯಾಗಿ ಜಗ್ಗುತ್ತದೆ. ‘ಸಾಧಾ ಗೂಳ್’ ಎಂದು ಬಿಡಿಸಿ ಹೇಳಿ.

ಬೇಳೆಯನ್ನು ಒಂದು ಗಂಟೆ ನೆನೆಸಿ, ಎರಡು ಲೀಟರ್ ಕುದಿಯುವ ನೀರಿಗೆ ಹಾಕಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಸೇರಿಸಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರಿನ ಆಸೆ ಬೇಡ. ಒಂದು ಸೀಟಿ ಹೆಚ್ಚಾದರೆ ಬೇಳೆ ಕರಗಿ ಕಟ್ಟಿನಲ್ಲಿ, ಅಂದರೆ ಬೇಳೆ ಬೆಂದ ನೀರಿನಲ್ಲಿ, ಸೇರುತ್ತದೆ, ಹೂರಣ ನೀರಾಗುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಕಾಳು ಹಿಟ್ಟಿನಂತೆ ಪುಡಿಯಾಗಬೇಕು, ನೋಡಲು ಮಾತ್ರ ಇಡಿಯಾಗಿರಬೇಕು. ಆಗ ಇಳಿಸಿ ಜಾಲರಿಯಲ್ಲಿ ಇಪ್ಪತ್ತು ನಿಮಿಷ ಬಸಿಯಿರಿ. ಕಟ್ಟನ್ನು ಎತ್ತಿಡಿ, ಸಾರಿಗೆಂದು ಎರಡು ಹಿಡಿ ಬೇಳೆಯನ್ನೂ ಬೆಲ್ಲ ಸೇರಿಸುವ ಮೊದಲೇ ತೆಗೆದಿಡಿ.

ಬೇಳೆಗೆ ಬೆಲ್ಲ ಬಿದ್ದ ತಕ್ಷಣ ಎಲ್ಲ ಸಡಿಲವಾಗುತ್ತದೆ, ಗಾಬರಿ ಬೇಡ. ತಳ ಹಿಡಿಯದಂತೆ ಕೈಯಾಡಿಸುತ್ತಾ ಇದ್ದರೆ ಬಿಗಿಯುತ್ತದೆ. ನಡುವೆ ನೆಟ್ಟ ಸೌಟು ಬೀಳದೆ ನಿಂತಾಗ ಎಂಟು ಏಲಕ್ಕಿಯ ಪುಡಿ ಹಾಕಿ ಇಳಿಸಿ. ಮರಾಠಿ ಮನೆಗಳಲ್ಲಿ ಹೂರಣ ಅರೆಯಲು ಬಳಸುವ ಪುರಣ್ ಯಂತ್ರ ದಾದರ್‌ನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ, ಕೊಂಡಿಟ್ಟರೆ ನಷ್ಟವಿಲ್ಲ. ಹೂರಣ ಬಿಸಿ ಇರುವಾಗಲೇ ತಿರುವಬೇಕು, ಆರಿದರೆ ಹಿಡಿ ಅಲ್ಲಾಡುವುದಿಲ್ಲ. ಮಿಕ್ಸಿಯಾದರೆ ಸ್ವಲ್ಪಸ್ವಲ್ಪವೇ, ಒಂದು ತೊಟ್ಟೂ ನೀರು ಸೋಕಿಸದೆ. ಅರೆಯದ ಒಂದು ಬೇಳೆ ಉಳಿದರೂ ಅಲ್ಲೇ ಹೋಳಿಗೆ ಒಡೆಯುತ್ತದೆ. ತೆಳ್ಳಗಾದರೆ ಅಗಲ ಬಾಣಲೆಯಲ್ಲಿ ಮತ್ತೆ ಬಾಡಿಸಿ, ಗಟ್ಟಿಯಾದರೆ ಬಿಸಿ ಹಾಲು ಚಿಮುಕಿಸಿ ನಾದಿ.

ಇಲ್ಲಿನ ಸೆಕೆಗೆ ಹೂರಣ ಹೊರಗಿಟ್ಟರೆ ರಾತ್ರಿಯಲ್ಲೇ ಹುಳಿಯಾಗಬಹುದು, ಫ್ರಿಜ್ಜಿಗೆ ಹೋಗಲಿ. ಬೆಳಿಗ್ಗೆ ಒಂದು ಗಂಟೆ ಮೊದಲೇ ಹೊರಗಿಡಿ. ತಣ್ಣಗಿನ ಹೂರಣ ಕಲ್ಲಿನಂತಿರುತ್ತದೆ, ಕಣಕವನ್ನು ಹರಿದುಕೊಂಡು ಬರುತ್ತದೆ.

ಕಣಕಕ್ಕೆ 300 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, ಉಪ್ಪು, ಅರಿಶಿನ. ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಕೈಗೆ ಮೆತ್ತಿಕೊಳ್ಳುವಷ್ಟು ಕಲಸಿ, ಆಮೇಲೆ ಅರ್ಧ ಬಟ್ಟಲು ಎಣ್ಣೆಯನ್ನು ಸ್ವಲ್ಪ ಸ್ವಲ್ಪ ಬಿಡುತ್ತಾ ಹತ್ತು ನಿಮಿಷ ನಾದಿ, ಎರಡು ಗಂಟೆ ಮುಚ್ಚಿಡಿ. ಎಳೆದರೆ ರಬ್ಬರಿನಂತೆ ತುಂಡಾಗದೆ ಬರಬೇಕು. ಹೋಳಿಗೆಯ ಗುಟ್ಟೆಲ್ಲ ಇಲ್ಲಿದೆ: ಕಣಕವೂ ಹೂರಣವೂ ಒಂದೇ ಮೆದುವಿರಬೇಕು. ಕಣಕದ ಉಂಡೆ ಸಣ್ಣ ನಿಂಬೆ, ಹೂರಣದ್ದು ಅದರ ಎರಡರಷ್ಟು. ಬಾಳೆಎಲೆಯ ತುಂಡಿಗೆ ಎಣ್ಣೆ ಸವರಿ ತಟ್ಟಿ, ಎಲೆ ಸಮೇತ ಹೆಂಚಿಗೆ ಕವುಚಿ. ಅರ್ಧ ನಿಮಿಷದಲ್ಲಿ ಎಲೆ ತಾನಾಗಿ ಬಿಡುತ್ತದೆ. ಪ್ಲಾಸ್ಟಿಕ್ ಹಾಳೆ ಬಿಸಿಗೆ ಮುದುಡುತ್ತದೆ, ಅದನ್ನು ಹೆಂಚಿಗೆ ತಾಗಿಸಬೇಡಿ. ಉರಿ ಮಧ್ಯಮ; ಜೋರಾದರೆ ಮೇಲೆ ಕಪ್ಪು, ಒಳಗೆ ಹಸಿ.

ಸಾರಿಗೆ ಕಟ್ಟು, ಎತ್ತಿಟ್ಟ ಬೇಳೆ, ದೊಡ್ಡ ನಿಂಬೆಯಷ್ಟು ಹುಣಸೆ, ಮೂರು ಚಮಚ ಸಾರಿನ ಪುಡಿ, ಒಂದು ಹಿಡಿ ಕಾಯಿತುರಿ ರುಬ್ಬಿದ್ದು, ಒಂದು ಸೌಟು ಹೂರಣ. ಹೂರಣ ಹಾಕದ ಕಟ್ಟಿನ ಸಾರು ಬೋಳು.

ಮಾವಿನಕಾಯಿ ಚಿತ್ರಾನ್ನಕ್ಕೆ ಕೋಲಂ ಅಥವಾ ಸೋನಾ ಮಸೂರಿ ಅಕ್ಕಿ ಆಗಲಿ. ಇಂದ್ರಾಯಣಿ, ಆಂಬೆಮೋಹರ್ ಬಾಯಿಗೆ ಸೊಗಸು, ಚಿತ್ರಾನ್ನಕ್ಕೆ ಮುದ್ದೆ. ಕಾಯಿಯ ಹುಳಿ ಒಂದರಂತೆ ಒಂದಿರುವುದಿಲ್ಲ, ಅರ್ಧ ತುರಿ ಬೆರೆಸಿ ನಾಲಿಗೆಗೆ ಇಟ್ಟು ನೋಡಿ ಮಿಕ್ಕಿದ್ದು ಹಾಕಿ. ಕೋಸಂಬರಿಗೆ ಉಪ್ಪು ಬಡಿಸುವ ಮುನ್ನ ಮಾತ್ರ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಎಲೆಯಲ್ಲಿ ಹರಿದಾಡುತ್ತದೆ.

ಬಾಳೆಎಲೆ, ಬ್ಯಾಡಗಿ ಮೆಣಸಿನಕಾಯಿಗೆ ಮಾಟುಂಗಾ ಮಾರ್ಕೆಟ್ಟೇ ಸರಿ. ಅದೇ ದಿನ ಮರಾಠಿಗರ ಹೊಸವರ್ಷ ಗುಡಿ ಪಾಡ್ವವೂ ಇರುವುದರಿಂದ ಬೇವಿನ ಸೊಪ್ಪು ಬೀದಿಬೀದಿಯಲ್ಲಿ ಸಿಗುತ್ತದೆ, ಹೂವಿರುವ ಕೊಂಬೆ ಆರಿಸಿ. ಬಾಳೆಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನಕ್ಕೂ ಸೀಳುವುದಿಲ್ಲ. ನೀರು ಬರುವ ಹೊತ್ತಿಗೆ ಎರಡು ಕೊಳಗ ಹೆಚ್ಚಿಗೆ ತುಂಬಿಡಿ. ಹಾಲ್ ಚಿಕ್ಕದಾದರೆ ಮಕ್ಕಳ ಪಂಕ್ತಿ ಮೊದಲು ಕೂರಲಿ. ದೊಡ್ಡವರ ಎಲೆ ಹಾಕುವ ಹೊತ್ತಿಗೆ ಕೊನೆಯ ನಾಲ್ಕು ಹೋಳಿಗೆ ಹೆಂಚಿನ ಮೇಲೇ ಇದ್ದರೆ ಸಾಕು, ತುಪ್ಪ ಬಿಸಿಬಿಸಿಯಾಗಿ ಹೀರಿಕೊಳ್ಳುತ್ತದೆ.